ಕಾರಿನ ಬಣ್ಣದ ಚಕ್ಕೆ ಏಳುವಿಕೆ

ಕಾರಿನ ಬಣ್ಣದ ಚಕ್ಕೆ ಏಳುವಿಕೆ ಎಂದರೆ ಜಲ್ಲಿಕಲ್ಲು, ದಪ್ಪ ಮರಳು ಮುಂತಾದ ಗಟ್ಟಿ ವಸ್ತುಗಳು ವಾಹನದ ಹೊರಮೈಗೆ ರಭಸದಿಂದ ಬಡಿದಾಗ ಬಣ್ಣದ ಪದರಗಳು ಚೂರಾಗಿ ಸಿಡಿದು, ಆ ಜಾಗದಲ್ಲಿ ಸಣ್ಣ ಕುಳಿ ಉಳಿಯುವುದು. ಕುಳಿಯ ಗಾತ್ರ ಸಾಮಾನ್ಯವಾಗಿ ಎಳ್ಳುಕಾಳಿನಿಂದ ಕಡಲೆಕಾಳಿನವರೆಗೆ ಇರುತ್ತದೆ. ಗಿಡದ ಕೊಂಬೆ ಅಥವಾ ಬೇಲಿಯ ತಂತಿ ತಗುಲಿ ಮೂಡುವ ಉದ್ದನೆಯ ಗೀರು ಇದಕ್ಕಿಂತ ಬೇರೆ. ಗೀರು ಬಹುತೇಕ ಮೇಲಿನ ಪದರದಲ್ಲಿಯೇ ನಿಲ್ಲುತ್ತದೆ, ಚಕ್ಕೆ ಎದ್ದ ಕುಳಿಯಾದರೋ ಎಷ್ಟೋ ಬಾರಿ ತಗಡಿನವರೆಗೆ ಇಳಿದಿರುತ್ತದೆ.

ಒಣ ಹವೆಯ ಪ್ರದೇಶಗಳಲ್ಲಿ ಇದು ಹೆಚ್ಚಾಗಿ ಅಂದಕ್ಕೆ ಸಂಬಂಧಿಸಿದ ವಿಷಯ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯಲ್ಲಿ, ವಿಶೇಷವಾಗಿ ಮೂಡಿಗೆರೆ ಹಾಗೂ ಕಳಸದ ಸುತ್ತಿನ ಗುಡ್ಡಗಾಡಿನಲ್ಲಿ, ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಿಂದಾಗಿ ಇಂತಹ ಕುಳಿ ತುಕ್ಕಿಗೆ ದಾರಿಯಾಗುತ್ತದೆ. ಒಂದೇ ವಾಹನವನ್ನು ಹತ್ತಿಪ್ಪತ್ತು ವರ್ಷ ಬಳಸುವ ಸಣ್ಣ ಬೆಳೆಗಾರರಿಗೆ ಇದು ನೇರ ನಷ್ಟದ ಮಾತು. ಭಾರತದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ. ನವೀಕರಣಕ್ಕೆ ವಾಹನದ ಸುಸ್ಥಿತಿಯ ಪರೀಕ್ಷೆ ನಡೆಯಬೇಕು, ಆಗ ತಳಭಾಗದ ತುಕ್ಕು ಅಡ್ಡಿಯಾಗಬಹುದು. ಆದುದರಿಂದ ಈ ಪ್ರದೇಶದಲ್ಲಿ ಚಕ್ಕೆ ಎದ್ದ ಜಾಗವನ್ನು ಹೇಗೆ ಸರಿಪಡಿಸಬೇಕು ಎಂಬುದಕ್ಕಿಂತ ಯಾವಾಗ ಸರಿಪಡಿಸಬೇಕು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಬಣ್ಣದ ಪದರಗಳು

ಕಾರಿನ ಮೈಮೇಲೆ ಕಾಣುವ ಬಣ್ಣವು ಹಲವು ಪದರಗಳಿಂದ ಕೂಡಿದೆ. ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟ್ ಲೇಪನ ಕೊಡಲಾಗುತ್ತದೆ; ಇಂದಿನ ಅನೇಕ ಕಾರುಗಳಲ್ಲಿ ತಗಡಿನ ಮೇಲೆ ತೆಳುವಾದ ಸತುವಿನ ಪದರವೂ ಇರುತ್ತದೆ. ಬಳಿಕ ಇಡೀ ಕವಚವನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಸುಮಾರು 20 ಮೈಕ್ರಾನ್ ದಪ್ಪದ ತುಕ್ಕುನಿರೋಧಕ ಪ್ರೈಮರ್ ಕೂರಿಸುತ್ತಾರೆ. ಅದರ ಮೇಲೆ ಮತ್ತೊಂದು ಪ್ರೈಮರ್, ಅನಂತರ ಕಣ್ಣಿಗೆ ಕಾಣುವ ಬಣ್ಣ, ಕೊನೆಗೆ ಹೊಳಪನ್ನು ಕೊಟ್ಟು ಬಿಸಿಲಿನಿಂದ ಕಾಪಾಡುವ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಪದರಗಳೂ ಸೇರಿ 100ರಿಂದ 150 ಮೈಕ್ರಾನ್, ಅಂದರೆ ಬರೆಯುವ ಕಾಗದದ ಒಂದು ಹಾಳೆಯಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ದಪ್ಪ. ಕಾರಿನ ಬಣ್ಣ ಇಷ್ಟು ತೆಳು ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಉಜ್ಜಿ ಹೊಳಪು ಕೊಡುವ ಪ್ರತಿ ಸಲವೂ ಈ ಹಾಳೆ ಸವೆಯುತ್ತದೆ.

ಮೊದಲ ಕಾಲದ ಕಾರುಗಳಿಗೆ ಕುದುರೆ ಸಾರೋಟುಗಳಿಗೆ ಹಚ್ಚುತ್ತಿದ್ದಂತೆಯೇ ಎಣ್ಣೆ ವಾರ್ನಿಷ್ ಹಚ್ಚಲಾಗುತ್ತಿತ್ತು. ಅದು ಒಣಗಲು ವಾರಗಳೇ ಬೇಕಾಗುತ್ತಿದ್ದವು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯು ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ‘ಡ್ಯೂಕೊ’ ಎಂಬ ಹೆಸರಿನಲ್ಲಿ ತಂದಿತು. ಆ ಹೆಸರು ಕಂಪನಿಯ ಗಡಿ ದಾಟಿ, ಭಾರತದಲ್ಲಿ ಸ್ಪ್ರೇ ಮಾಡುವ ಹೊಳಪಿನ ಬಣ್ಣಕ್ಕೆ ‘ಡ್ಯೂಕೊ ಪೇಂಟ್’ ಎಂದೇ ರೂಢಿಯಾಯಿತು. ವಿದ್ಯುತ್ ಹರಿಸಿ ಪ್ರೈಮರ್ ಕೂರಿಸುವ ವಿಧಾನ 1960ರ ದಶಕದಲ್ಲಿ ಬಳಕೆಗೆ ಬಂದಿತು. ಹಳೆಯ ಜೀಪುಗಳು ಬಾಗಿಲಿನ ಅಂಚಿನಲ್ಲಿಯೂ ತಳದಲ್ಲಿಯೂ ಬೇಗ ತುಕ್ಕು ಹಿಡಿಯಲು, ಇಂದಿನ ಕಾರುಗಳು ತುಸು ತಾಳಿಕೊಳ್ಳಲು ಈ ಪದರವೇ ಮುಖ್ಯ ಕಾರಣ. ಕಲ್ಲಿನ ಏಟು ಅದನ್ನೂ ಸೀಳಿತೆಂದರೆ ಹೊಸ ಕಾರಿನ ತಗಡೂ ಹಳೆಯ ಜೀಪಿನ ತಗಡಿನಷ್ಟೇ ಬತ್ತಲೆ.

ಕಾರಣಗಳು

ಕಲ್ಲಿನ ಏಟಿನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಡಿಯುವ ಕಲ್ಲಿಗಿಂತ 80 ಕಿ.ಮೀ. ವೇಗದಲ್ಲಿ ಬಡಿಯುವ ಅದೇ ಕಲ್ಲು ನಾಲ್ಕು ಪಟ್ಟು ಶಕ್ತಿಯಿಂದ ಬಡಿಯುತ್ತದೆ. ಮುಂದೆ ಸಾಗುವ ಲಾರಿ ಅಥವಾ ಬಸ್ಸಿನ ಚಕ್ರ ಚಿಮ್ಮಿಸುವ ಜಲ್ಲಿಯು ಹಿಂದಿನ ಕಾರಿನ ಬಾನೆಟ್ಟಿನ ಮೂತಿ, ಗಾಜಿನ ಪಕ್ಕದ ಕಂಬ, ಕನ್ನಡಿಯ ಬೆನ್ನು, ಛಾವಣಿಯ ಮುಂಚೂಣಿ ಇವುಗಳಿಗೆ ತಗುಲುತ್ತದೆ. ಮಂಗಳೂರನ್ನೂ ತುಮಕೂರನ್ನೂ ಕೂಡಿಸುವ ರಾಷ್ಟ್ರೀಯ ಹೆದ್ದಾರಿ 73 ಚಾರ್ಮಾಡಿ ಘಾಟಿಯನ್ನು ಏರಿ ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆಗಳ ಮೂಲಕ ಸಾಗುತ್ತದೆ. ಘಾಟಿಯ ತಿರುವುಗಳಲ್ಲಿ ವಾಹನಗಳ ವೇಗವೇ ಕಡಿಮೆ. ತಿರುವು ಮುಗಿದು ರಸ್ತೆ ನೇರವಾಗುವಲ್ಲಿ, ಸಿಕ್ಕಿದ ಅವಕಾಶದಲ್ಲಿ ಮುಂದಿನ ವಾಹನಕ್ಕೆ ಅಂಟಿಕೊಂಡು ಓಡಿಸುವಲ್ಲಿ ಏಟು ಬೀಳುವುದು ಹೆಚ್ಚು. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಈ ಘಾಟಿಯಲ್ಲಿ ಹಲವೆಡೆ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಅಂತಹ ಕುಸಿತದ ಬಳಿಕ ರಸ್ತೆ ಮತ್ತೆ ಕಟ್ಟುವಾಗಲೂ, ಪ್ರತಿವರ್ಷ ಮಳೆಗಾಲ ಕಳೆದು ಗುಂಡಿಗಳಿಗೆ ತೇಪೆ ಹಾಕುವಾಗಲೂ ಟಾರು ಹಿಡಿಯದ ಬಿಡಿ ಜಲ್ಲಿ ರಸ್ತೆಯ ಮೇಲೆ ಹರಡಿರುತ್ತದೆ.

ತೋಟದೊಳಗಿನ ರಸ್ತೆಗಳ ಕಥೆ ಬೇರೆ. ಅಲ್ಲಿ ವೇಗವಿಲ್ಲ, ವಾಹನದ ಸ್ವಂತ ಚಕ್ರವೇ ಕಲ್ಲನ್ನು ಹಿಂದಕ್ಕೆ, ಮೇಲಕ್ಕೆ ಎಸೆಯುತ್ತದೆ. ಆದುದರಿಂದ ತೋಟಕ್ಕೆ ಹೋಗಿಬರುವ ಜೀಪು, ಪಿಕಪ್, ಕಾರುಗಳಲ್ಲಿ ಗಾಯಗಳು ಚಕ್ರದ ಗೂಡಿನ ಅಂಚು, ಬಾಗಿಲಿನ ಕೆಳಗಿನ ಪಟ್ಟಿ, ಹಿಂದಿನ ಮಡ್‌ಗಾರ್ಡಿನ ಮುಂಭಾಗ ಇಂತಹ ಕಣ್ಣಿಗೆ ಬೀಳದ ಜಾಗಗಳಲ್ಲಿ ಇರುತ್ತವೆ. ಬಾನೆಟ್ಟಿನ ಮೇಲಿನ ಒಂದು ಚುಕ್ಕೆಗೆ ಮರುಗುವ ಮಾಲೀಕರು ಈ ಜಾಗಗಳನ್ನು ವರ್ಷಗಟ್ಟಲೆ ನೋಡಿರುವುದಿಲ್ಲ.

ತುಕ್ಕು ಮತ್ತು ಮಲೆನಾಡಿನ ಹವೆ

ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಸೇರಿ ಜಲಯುಕ್ತ ಕಬ್ಬಿಣದ ಆಕ್ಸೈಡ್ ಆಗುವುದೇ ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕುಳಿಯಲ್ಲಿ ಹುಟ್ಟಿದ ತುಕ್ಕು ಉಬ್ಬಿ, ಸುತ್ತಲಿನ ಗಟ್ಟಿ ಬಣ್ಣವನ್ನು ಅಡಿಯಿಂದ ಎತ್ತುತ್ತದೆ. ಎದ್ದ ಅಂಚಿನ ಕೆಳಗೆ ನೀರು ನುಸುಳಿ ಇನ್ನಷ್ಟು ತುಕ್ಕು ಹಿಡಿಯುತ್ತದೆ. ಹೀಗೆ ಸಾಸಿವೆಯಷ್ಟಿದ್ದ ಗಾಯ ಬೊಬ್ಬೆಯಾಗಿ ಹರಡುತ್ತದೆ. ಹೊರಗೆ ಕಾಣುವ ಬೊಬ್ಬೆಗಿಂತ ಒಳಗಿನ ಹರವು ಯಾವಾಗಲೂ ದೊಡ್ಡದು.

ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 60 ಶೇಕಡಾ ದಾಟಿದರೆ ಉಕ್ಕು ತುಕ್ಕು ಹಿಡಿಯುವ ವೇಗ ಏರತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿ ಕೊಟ್ಟಿಗೆಹಾರ, ಕಳಸ, ಕುದುರೆಮುಖದ ಕಡೆ ಗಾಳಿ ಬಹುತೇಕ ಹಗಲಿರುಳೂ ಅದಕ್ಕಿಂತ ತೇವವಾಗಿರುತ್ತದೆ. ಮಳೆ ಬಿಟ್ಟ ಮೇಲೂ ಚಕ್ರದ ಗೂಡಿನಲ್ಲಿ ಮೆತ್ತಿಕೊಂಡ ಕೆಸರು ಒದ್ದೆ ಬಟ್ಟೆಯಂತೆ ದಿನಗಟ್ಟಲೆ ನೀರನ್ನು ಹಿಡಿದಿಡುತ್ತದೆ.

ಈ ಸೀಮೆಯ ಮಣ್ಣಿನ ಕೆಂಪು ಬಣ್ಣಕ್ಕೂ ಕಬ್ಬಿಣದ ಆಕ್ಸೈಡುಗಳೇ ಕಾರಣ. ಇದೇ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. ಆ ಊರಿನ ಹೆಸರಿನಲ್ಲಿಯೇ ಕೆಂಪು ಮಣ್ಣಿದೆ. ಇದರಿಂದ ಒಂದು ವ್ಯಾವಹಾರಿಕ ತೊಡಕೂ ಉಂಟು: ಕೆಮ್ಮಣ್ಣಿನ ಕೆಸರು ಮೆತ್ತಿದ ಕಾರಿನಲ್ಲಿ ತುಕ್ಕಿನ ಕಲೆ ಬೇರೆಯಾಗಿ ಕಾಣುವುದಿಲ್ಲ. ತೊಳೆಯದೆ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯದು.

ಕಾಫಿ ತೋಟದ ಕೆಲಸಗಳೂ ತುಕ್ಕಿಗೆ ನೆರವಾಗುತ್ತವೆ. ಗೊಬ್ಬರವಾಗಿ ಬಳಸುವ ಪೊಟ್ಯಾಷ್ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಬಳಗದ್ದು. ಚೀಲದಿಂದ ಸೋರಿದ ಪುಡಿ ಡಿಕ್ಕಿಯ ಅಥವಾ ಪಿಕಪ್ಪಿನ ತಳದಲ್ಲಿ ತೇವ ಹೀರಿ ಕರಗಿದರೆ ಸಮುದ್ರದ ನೀರಿನಂತೆ ತಗಡನ್ನು ತಿನ್ನುತ್ತದೆ. ಕೊಯ್ಲಿನ ಕಾಲದಲ್ಲಿ ಹಣ್ಣಿನ ಚೀಲಗಳಿಂದ ಒಸರುವ ರಸವು ಹುಳಿತು ಆಮ್ಲವಾಗುತ್ತದೆ. ಬೋರ್ಡೋ ದ್ರಾವಣದ ವಿಷಯದಲ್ಲಿ ಒಂದು ಭೇದವನ್ನು ಗಮನಿಸಬೇಕು. ಸರಿಯಾಗಿ ತಯಾರಿಸಿದ ದ್ರಾವಣದಲ್ಲಿ ಮೈಲುತುತ್ತದ ಆಮ್ಲೀಯ ಗುಣವನ್ನು ಸುಣ್ಣ ತಣಿಸಿರುತ್ತದೆ. ಅದು ಕಾರಿನ ಮೇಲೆ ಬಿದ್ದರೆ ಮುಖ್ಯವಾಗಿ ಸುಣ್ಣದ ಕಲೆಯ ತೊಂದರೆ. ಸುಣ್ಣ ಬೆರೆಸುವ ಮೊದಲಿನ ಬರಿಯ ಮೈಲುತುತ್ತದ ನೀರು ಬತ್ತಲೆ ತಗಡಿಗೆ ತಾಗಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ಪ್ರೌಢಶಾಲೆಯ ಪ್ರಯೋಗದಲ್ಲಿ ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅದ್ದಿ ತೋರಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. (ಈ ದ್ರಾವಣವನ್ನು ಸಿಂಪಡಿಸುವುದು ಕಾಫಿಯ ಎಲೆತುಕ್ಕು ರೋಗಕ್ಕೆ. ಆ ‘ತುಕ್ಕು’ ಶಿಲೀಂಧ್ರದಿಂದ ಬರುವಂಥದು. ಲೋಹದ ತುಕ್ಕಿಗೂ ಅದಕ್ಕೂ ಹೆಸರಿನ ನಂಟು ಮಾತ್ರ.)

ದುರಸ್ತಿಗೆ ತಕ್ಕ ಕಾಲ

ಬಣ್ಣ ಹಚ್ಚುವಾಗ ಗಾಳಿಯ ಆರ್ದ್ರತೆ 85 ಶೇಕಡಾಕ್ಕಿಂತ ಕಡಿಮೆ ಇರಬೇಕು, ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಎಂಬುದು ಲೋಹಕ್ಕೆ ಬಣ್ಣ ಬಳಿಯುವವರ ಸಾಮಾನ್ಯ ನಿಯಮ. ಇದು ತಪ್ಪಿದರೆ ಕಣ್ಣಿಗೆ ಕಾಣದ ತೇವದ ಪೊರೆಯ ಮೇಲೆಯೇ ಬಣ್ಣ ಕೂರುತ್ತದೆ. ಬೇಗ ಆರುವ ನೈಟ್ರೋಸೆಲ್ಯುಲೋಸ್ ಬಣ್ಣಗಳಲ್ಲಿ ಇನ್ನೊಂದು ದೋಷವೂ ಕಾಣಿಸಿಕೊಳ್ಳುತ್ತದೆ: ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಸಾಂದ್ರೀಕರಿಸಿ, ಬಣ್ಣ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ.

ಹೀಗಾಗಿ ಕಾಫಿ ಸೀಮೆಯಲ್ಲಿ ಈ ಕೆಲಸಕ್ಕೆ ಒದಗುವ ಕಾಲ ಜನವರಿಯಿಂದ ಮೇ ತಿಂಗಳ ನಡುವಿನದು. ಈ ಅವಧಿಯಲ್ಲಿಯೂ ಮುಂಜಾನೆಯ ಇಬ್ಬನಿ ತಗಡಿನ ಮೇಲಿಂದ ಪೂರ್ತಿ ಆರಿದ ಮೇಲೆ, ಸುಮಾರು ಹತ್ತು ಗಂಟೆಯ ಬಳಿಕ, ನೆರಳಿನಲ್ಲಿ ಕೆಲಸ ಹಿಡಿದು ಸಂಜೆಯ ತಂಪು ಇಳಿಯುವ ಮುನ್ನ ಮುಗಿಸುವುದು ಒಳ್ಳೆಯದು. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂವರಳಿಸುವ ಮಳೆ ಬಿದ್ದರೆ ಎರಡು ಮೂರು ಒಣ ದಿನ ಕಾಯಬೇಕು. ಕೊಯ್ಲು, ಒಣಗಿಸುವಿಕೆಗಳ ಗಡಿಬಿಡಿಯಲ್ಲಿ ಈ ತಿಂಗಳುಗಳು ಸುಲಭವಾಗಿ ಕಳೆದುಹೋಗುತ್ತವೆ. ಮೇ ಕೊನೆಯ ವಾರದಲ್ಲಿ ರೋಹಿಣಿ ಮಳೆ ಕಾಲಿಡುವ ಹೊತ್ತಿಗೆ ಎಲ್ಲ ಕುಳಿಗಳೂ ಮುಚ್ಚಿ, ಹಚ್ಚಿದ ಬಣ್ಣ ಒಂದು ವಾರವಾದರೂ ಗಟ್ಟಿಯಾಗಿರಬೇಕು.

ಮಳೆಗಾಲದ ನಡುವೆ ಹೊಸ ಗಾಯವಾದರೆ ಪೂರ್ಣ ದುರಸ್ತಿಗೆ ಕೈಹಾಕದೆ ತಾತ್ಕಾಲಿಕವಾಗಿ ಮುಚ್ಚುವುದು ಸರಿ. ಜಾಗವನ್ನು ತೊಳೆದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಿಂದ ಚೆನ್ನಾಗಿ ಆರಿಸಿ, ಬಣ್ಣವಿಲ್ಲದ ಉಗುರು ಬಣ್ಣವನ್ನೋ ಮೇಣದ ಪಾಲಿಶನ್ನೋ ಹಚ್ಚಿದರೆ ಕೆಲವು ವಾರ ನೀರು ತಡೆಯುತ್ತದೆ. ಉಗುರು ಬಣ್ಣವನ್ನೇ ಶಾಶ್ವತ ದುರಸ್ತಿಯೆಂದು ಬಿಡುವುದು ತಪ್ಪು. ಅದು ಬಿಸಿಲಿಗೆ ಹಳದಿಯಾಗಿ ಬಿರಿಯುತ್ತದೆ. ಒದ್ದೆ ತಗಡಿನ ಮೇಲೆ ಬಣ್ಣ ಮುಚ್ಚುವುದಕ್ಕಿಂತ ಗಾಯವನ್ನು ಹಾಗೆಯೇ ಬಿಡುವುದು ಮೇಲು. ತೆರೆದ ಗಾಯದ ತುಕ್ಕು ಕಣ್ಣಿಗಾದರೂ ಕಾಣುತ್ತದೆ.

ದುರಸ್ತಿಯ ವಿಧಾನ

ಮೊದಲು ಕುಳಿಯ ಆಳವನ್ನು ತಿಳಿಯಬೇಕು. ನೀರು ಸವರಿದಾಗ ಗುರುತು ಮಾಯವಾಗುವಂತಿದ್ದರೆ ಗಾಯ ಕ್ಲಿಯರ್ ಕೋಟ್‌ನಲ್ಲಿಯೇ ಇದೆ. ಅದಕ್ಕೆ ರಬ್ಬಿಂಗ್ ಕಾಂಪೌಂಡಿನಿಂದ ಹದವಾಗಿ ಉಜ್ಜಿದರೆ ಸಾಕು. ತಳದಲ್ಲಿ ಬೂದು ಬಣ್ಣ ಕಂಡರೆ ಪ್ರೈಮರ್ ಉಳಿದಿದೆ ಎಂದರ್ಥ. ಲೋಹದ ಹೊಳಪು ಅಥವಾ ಕಂದು ಚುಕ್ಕೆ ಕಂಡರೆ ತಗಡು ತೆರೆದಿದೆ. ಪ್ಲಾಸ್ಟಿಕ್ ಬಂಪರಿಗೆ ತುಕ್ಕಿನ ಭಯವಿಲ್ಲದ ಕಾರಣ ಅದರ ದುರಸ್ತಿಗೆ ಅವಸರವೂ ಇಲ್ಲ.

ಬಣ್ಣವನ್ನು ಅಂದಾಜಿನಿಂದ ಕೊಳ್ಳಬಾರದು. ಬಿಳಿಯಲ್ಲಿಯೇ ಹತ್ತಾರು ಬಗೆಗಳಿವೆ. ಬಣ್ಣದ ಕೋಡನ್ನು ಎಂಜಿನ್ ಗೂಡಿನೊಳಗಿನ ಫಲಕದಲ್ಲಿಯೋ ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿಯೋ ಮುದ್ರಿಸಿರುತ್ತಾರೆ. ಕಂಪನಿಯಿಂದ ಕಂಪನಿಗೆ ಜಾಗ ಬದಲಾಗುತ್ತದೆ. ಕೋಡು ಸರಿಯಿದ್ದರೂ ಬಿಸಿಲಿಗೆ ಮಾಸಿದ ಹಳೆಯ ಕಾರಿನಲ್ಲಿ ಹೊಸ ಬಣ್ಣ ತುಸು ಗಾಢವಾಗಿ ಕಾಣುವುದು ಸಹಜ.

ಕುಳಿಯ ಸುತ್ತ ಶಾಂಪೂ ನೀರಿನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಹಿಂದೆ ಹಚ್ಚಿದ ಮೇಣ, ಸಿಲಿಕೋನ್ ಪಾಲಿಶ್‌ಗಳ ಅಂಶ ಉಳಿದರೆ ಬಣ್ಣ ಹಿಡಿಯದೆ ಜಾರುತ್ತದೆ. ಅಂಚಿನಲ್ಲಿ ಸಡಿಲವಾಗಿ ನಿಂತ ಚಕ್ಕೆಗಳನ್ನು ಚೂಪಾದ ಬ್ಲೇಡಿನ ತುದಿಯಿಂದ ಎಬ್ಬಿಸಿ ತೆಗೆಯಬೇಕು; ಅವನ್ನು ಉಳಿಸಿಕೊಂಡು ಮೇಲೆ ಬಣ್ಣ ತುಂಬುವುದರಿಂದ ಪ್ರಯೋಜನವಿಲ್ಲ. ತುಕ್ಕಿದ್ದರೆ, ಪೆನ್ಸಿಲಿನ ಹಿಂತುದಿಗೆ ಅಂಟಿಸಿದ 400ನೆಯ ನಂಬರಿನ ಉಪ್ಪುಕಾಗದದ ಚೂರಿನಿಂದ ತಗಡು ಬೆಳ್ಳಗೆ ಹೊಳೆಯುವವರೆಗೆ ತಿರುವಿ ಉಜ್ಜಬೇಕು. ಇಡೀ ದುರಸ್ತಿ ನಿಲ್ಲುವುದು ಈ ಹಂತದ ತಾಳ್ಮೆಯ ಮೇಲೆ.

ಉಜ್ಜಿದರೂ ಕುಳಿಯ ತಳದ ಸಣ್ಣ ರಂಧ್ರಗಳಲ್ಲಿ ತುಕ್ಕು ಉಳಿದರೆ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲವಿರುವ ತುಕ್ಕು ಪರಿವರ್ತಕವನ್ನು ಒಂದು ಹನಿಯಷ್ಟು ಬಳಸುತ್ತಾರೆ. ಟ್ಯಾನಿಕ್ ಆಮ್ಲವು ತುಕ್ಕನ್ನು ಕಪ್ಪಾದ, ಸ್ಥಿರವಾದ ಕಬ್ಬಿಣದ ಟ್ಯಾನೇಟ್ ಆಗಿ ಮಾರ್ಪಡಿಸುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಹಿಂದಿನವರು ತಯಾರಿಸುತ್ತಿದ್ದ ಕಪ್ಪು ಶಾಯಿಯ ಹಿಂದೆ ಇದ್ದದ್ದೂ ಇದೇ ರಸಾಯನ ಕ್ರಿಯೆ.

ಬತ್ತಲೆ ತಗಡಿಗೆ ನೇರವಾಗಿ ಬಣ್ಣ ಹಚ್ಚದೆ ಮೊದಲು ಪ್ರೈಮರ್ ಹಾಕಬೇಕು. ಟಚ್-ಅಪ್ ಸೀಸೆಯ ಮುಚ್ಚಳದಲ್ಲಿರುವ ಕುಂಚ ಸಾಮಾನ್ಯವಾಗಿ ತೀರ ದಪ್ಪ. ಚಿತ್ರ ಬರೆಯುವ ಸೊನ್ನೆ ನಂಬರಿನ ಕುಂಚ ಅಥವಾ ಹಲ್ಲುಕಡ್ಡಿಯ ತುದಿ ಮೇಲು. ಪ್ರೈಮರ್ ಕುಳಿಯ ತಳಕ್ಕೆ ಮಾತ್ರ ಹರಡಬೇಕು, ಸುತ್ತಲಿನ ಒಳ್ಳೆಯ ಬಣ್ಣದ ಮೇಲೆ ಏರಬಾರದು. ಅದು ಆರಿದ ಬಳಿಕ ಬಣ್ಣವನ್ನು ಎರಡು ಮೂರು ತೆಳುವಾದ ಸಲದಲ್ಲಿ, ಪ್ರತಿ ಸಲವೂ ಸೀಸೆಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಟ್ಟು, ತುಂಬುತ್ತಾರೆ. ಒಂದೇ ಸಲಕ್ಕೆ ದಪ್ಪನಾಗಿ ತುಂಬಿದರೆ ಮೇಲುಗಡೆ ಗಟ್ಟಿಯಾಗಿ, ಒಳಗಿನ ಥಿನ್ನರ್ ಹೊರಬರಲಾರದೆ, ಬಣ್ಣ ಸುಕ್ಕಾಗುತ್ತದೆ. ಕೊನೆಯ ಕ್ಲಿಯರ್ ಕೋಟ್ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರವಿರಲಿ. ಆರುವಾಗ ಅದು ಕುಗ್ಗುತ್ತದೆ.

ಒಂದು ವಾರ ಕಳೆದ ಮೇಲೆ ಉಬ್ಬು ಉಳಿದಿದ್ದರೆ 2000 ಅಥವಾ 3000 ನಂಬರಿನ ವಾಟರ್ ಪೇಪರನ್ನು ಸಾಬೂನಿನ ನೀರಿನಲ್ಲಿ ನೆನೆಸಿ, ಗಟ್ಟಿಯಾದ ಸಣ್ಣ ತುಂಡಿಗೆ ಸುತ್ತಿ, ಉಬ್ಬಿನ ಮೇಲೆ ಮಾತ್ರ ಮೆಲ್ಲನೆ ಆಡಿಸಿ ಕಾಂಪೌಂಡಿನಿಂದ ಹೊಳಪು ಕೊಡುವುದುಂಟು. ಕೈಚಳಕ ಸಾಲದವರು ಉಬ್ಬನ್ನು ಹಾಗೆಯೇ ಬಿಟ್ಟರೂ ನಷ್ಟವಿಲ್ಲ. ಚಕ್ರದ ಗೂಡಿನ ಅಂಚಿನಲ್ಲಂತೂ ಅಂದಕ್ಕಿಂತ ದಪ್ಪನೆಯ ರಕ್ಷಣೆಯೇ ಬೇಕಾದುದು.

ಟಿಂಕರಿಂಗ್ ಶೆಡ್ಡಿನ ಕೆಲಸ

ಬಣ್ಣ ಬೊಬ್ಬೆಯೆದ್ದಿದ್ದರೆ, ಕುಳಿ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿದ್ದರೆ, ಬೆರಳಿನಿಂದ ಒತ್ತಿದಾಗ ತಗಡು ಕುಸಿದರೆ ಮನೆಯ ದುರಸ್ತಿ ಸಾಲದು. ಟಿಂಕರಿಂಗ್ ಶೆಡ್ಡಿನಲ್ಲಿ ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದು, ಪುಟ್ಟಿ ಹಾಕಿ ಮಟ್ಟ ಮಾಡಿ, ಇಡೀ ಫಲಕಕ್ಕೆ ಬಣ್ಣ ಸ್ಪ್ರೇ ಮಾಡುತ್ತಾರೆ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕೆಲಸ ಕೈಗೆ ಬಂದ ದಿನ ಚೆನ್ನಾಗಿಯೇ ಕಾಣುತ್ತದೆ. ಪುಟ್ಟಿ ನೀರು ಹೀರುವುದರಿಂದ ಒಂದೆರಡು ಮಳೆಗಾಲದಲ್ಲಿ ತುಂಡಾಗಿ ಕಳಚುತ್ತದೆ. ಪುಟ್ಟಿ ಹಾಕುವ ಮುನ್ನ ಒಮ್ಮೆ ಹೋಗಿ ಬತ್ತಲೆ ತಗಡನ್ನು ನೋಡಿಬರುವುದು ಮಾಲೀಕರಿಗೆ ಕ್ಷೇಮ.

ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ ಎರಡು ಭಾಗದ ಕ್ಲಿಯರ್ ಕೋಟ್‌ಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ತುಂತುರನ್ನು ಉಸಿರಾಡಿದವರಿಗೆ ಅಸ್ತಮಾ ಬರಬಹುದು. ಬಾಯಿಗೆ ಕಟ್ಟಿದ ಟವೆಲು ಅದನ್ನು ತಡೆಯಲಾರದು. ಹಳೆಯ ವಾಹನಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅವನ್ನು ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು.

ಸಣ್ಣ ಚಕ್ಕೆಗಾಗಿ ವಿಮೆಯ ಪರಿಹಾರ ಕೇಳುವುದು ಸಾಮಾನ್ಯವಾಗಿ ಲಾಭದಾಯಕವಲ್ಲ. 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿನ ಕಾರಿಗೆ 2000 ರೂಪಾಯಿ ಕಡ್ಡಾಯ ಕಡಿತವನ್ನು ಮಾಲೀಕರೇ ಭರಿಸಬೇಕು. ಇದಲ್ಲದೆ, ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ತಕ್ಕಂತೆ ಸ್ವಂತ ಹಾನಿಯ ಕಂತಿನಲ್ಲಿ 20ರಿಂದ 50 ಶೇಕಡಾದವರೆಗೆ ದೊರೆಯುವ ರಿಯಾಯಿತಿ ಕೈತಪ್ಪುತ್ತದೆ. ಅದೇ ಬಣ್ಣವನ್ನು ಮತ್ತೆ ಹಚ್ಚಲು ಯಾವ ಅನುಮತಿಯೂ ಬೇಡ. ವಾಹನದ ಬಣ್ಣವನ್ನೇ ಬದಲಿಸುವುದಾದರೆ ನೋಂದಣಿ ಪತ್ರದಲ್ಲಿ ನಮೂದಾಗಬೇಕು.

ತಡೆಯುವ ಕ್ರಮಗಳು

ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವುದು, ಬಿಡಿ ಜಲ್ಲಿಯಿರುವಲ್ಲಿ ವೇಗ ತಗ್ಗಿಸುವುದು ಇವೆರಡಕ್ಕೆ ಖರ್ಚಿಲ್ಲ. ಖರ್ಚಿನ ಉಪಾಯಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದೂ ತೋಟದ ವಾಹನಗಳಿಗೆ ಎಲ್ಲಕ್ಕಿಂತ ಉಪಯುಕ್ತವಾದುದೂ ನಾಲ್ಕು ಚಕ್ರಗಳ ಹಿಂದೆ ಕಟ್ಟುವ ರಬ್ಬರಿನ ಮಡ್‌ಫ್ಲ್ಯಾಪ್. ಬಾನೆಟ್ಟಿನ ಮುಂಭಾಗಕ್ಕೂ ಬಾಗಿಲಿನ ಕೆಳಪಟ್ಟಿಗೂ ಅಂಟಿಸುವ ಪಾರದರ್ಶಕ ಪಾಲಿಯುರೆಥೇನ್ ಹಾಳೆ 150ರಿಂದ 200 ಮೈಕ್ರಾನ್ ದಪ್ಪವಿದ್ದು, ಕಲ್ಲಿನ ಏಟನ್ನು ನಿಜವಾಗಿ ಹೀರಿಕೊಳ್ಳುತ್ತದೆ. ಬೆಲೆ ದುಬಾರಿಯಾದ್ದರಿಂದ ಏಟು ಬೀಳುವ ಜಾಗಗಳಿಗಷ್ಟೇ ಹಾಕಿಸಿದರೆ ಸಾಕಾಗುತ್ತದೆ. ಸೆರಾಮಿಕ್ ಕೋಟಿಂಗ್ ಎಂದು ಮಾರುವ ಲೇಪನ ಕೆಲವೇ ಮೈಕ್ರಾನ್ ದಪ್ಪದ್ದು. ಅದರಿಂದ ನೀರು, ಕೊಳೆ ಜಾರಿಹೋಗುತ್ತವೆ, ತೊಳೆಯುವುದು ಸುಲಭವಾಗುತ್ತದೆ. ಕಲ್ಲನ್ನು ತಡೆಯುತ್ತದೆಂಬ ಮಾತನ್ನು ನಂಬಬೇಕಾಗಿಲ್ಲ.

ಕಾರಿನ ಹೊದಿಕೆಯು ಮಲೆನಾಡಿನಲ್ಲಿ ಎಷ್ಟೋ ಬಾರಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಒದ್ದೆ ಕಾರಿನ ಮೇಲೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಗಾಳಿಗೆ ಅಲುಗಾಡಿದಾಗ ನಡುವೆ ಸಿಕ್ಕ ಮರಳು ಬಣ್ಣವನ್ನು ಉಜ್ಜುತ್ತದೆ. ನಾಲ್ಕು ಕಂಬದ ಮೇಲೆ ತಗಡಿನ ಮಾಡು ಹಾಕಿದ, ಗಾಳಿಯಾಡುವ ಶೆಡ್ಡು ಅದಕ್ಕಿಂತ ಉತ್ತಮ. ಒಣಗಿದ ಕೆಮ್ಮಣ್ಣಿನಲ್ಲಿ ಗಾಜಿಗಿಂತ ಗಟ್ಟಿಯಾದ ಬೆಣಚುಕಲ್ಲಿನ ಕಣಗಳಿರುವುದರಿಂದ ಅದನ್ನು ಒಣ ಬಟ್ಟೆಯಿಂದ ಒರೆಸಬಾರದು. ನೀರು ಹಾಯಿಸಿ ಕೆಸರು ಇಳಿದ ಮೇಲೆಯೇ ಕೈ ಇಡಬೇಕು.

ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಚಕ್ರದ ಗೂಡುಗಳಿಗೂ ತಳಕ್ಕೂ ನೀರು ಹೊಡೆದು ಕೆಸರು ಬಿಡಿಸಬೇಕು. ಪೊಟ್ಯಾಷ್ ಅಥವಾ ಕಾಫಿ ಹಣ್ಣು ಸಾಗಿಸಿದ ದಿನ ಹೊರೆಯಿಟ್ಟ ತಳವನ್ನು ಅಂದೇ ತೊಳೆಯಬೇಕು. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಒಳಗಿಳಿದ ನೀರು ಹೊರಬೀಳಲೆಂದು ಸಣ್ಣ ಕಂಡಿಗಳಿರುತ್ತವೆ. ಕೆಮ್ಮಣ್ಣು, ಕೊಳೆತ ಎಲೆ ಸೇರಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ತೆಂಗಿನಗರಿಯ ಕಡ್ಡಿಯಿಂದ ಅವನ್ನು ಬಿಡಿಸಿ, ಕಂಡಿಯಿಂದ ನೀರು ಹನಿಯುವುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು.